ಮಗುವಿನ ಹಲ್ಲು, ಮಗುವಿನ ಭಯ: ಇಲ್ಲಿಯವರೆಗಿನ ಕಥೆ

ಇಂಜೆಕ್ಷನ್ ಸಾಕಾ, ಗ್ಯಾಸ್ ಬೇಕಾ, ಪೂರ್ತಿ ಪ್ರಜ್ಞೆ ತಪ್ಪಿಸಬೇಕಾ? ಮಗುವಿನ ಹಲ್ಲು ಹುಳುಕಾದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅಪ್ಪ ಅಮ್ಮ ಗೊಂದಲಕ್ಕೆ ಬೀಳುವುದು ಸಹಜ.

1844ರಲ್ಲಿ ಅಮೆರಿಕದ ದಂತವೈದ್ಯ ಹೊರೇಸ್ ವೆಲ್ಸ್ ನೈಟ್ರಸ್ ಆಕ್ಸೈಡ್ ಅನ್ನುವ ಗ್ಯಾಸ್ ಉಸಿರಾಡಿ ತನ್ನದೇ ಹಲ್ಲು ಕೀಳಿಸಿಕೊಂಡ. 20ನೇ ಶತಮಾನದ ಶುರುವಿಗೆ ಜೋಮು ಹಿಡಿಸುವ ಇಂಜೆಕ್ಷನ್ ಔಷಧಿ ನೊವೊಕೇನ್ ಬಂತು, 1940ರ ದಶಕದಲ್ಲಿ ಲಿಡೊಕೇನ್. ನೋವಿಗೆ ಮದ್ದು ಸಿಕ್ಕಿತು, ಹೆದರಿಕೆಗೆ ಸಿಗಲಿಲ್ಲ.

ಹೆದರಿದ ಮಗುವನ್ನು ಬಹಳ ಕಾಲ ಹಟಮಾರಿ ಅಂತಲೇ ನೋಡಿದರು. ಕಿರುಚುವ ಮಗುವಿನ ಬಾಯಿಗೆ ಕೈ ಅಡ್ಡ ಹಿಡಿದು, 'ಸುಮ್ಮನಾದರೆ ಕೈ ತೆಗೀತೀನಿ' ಅನ್ನುವುದೂ ಒಂದು ವಿಧಾನವಾಗಿತ್ತು. ಅಮೆರಿಕದ ಮಕ್ಕಳ ದಂತವೈದ್ಯರ ಅಕಾಡೆಮಿ ಇದನ್ನು ಮಾರ್ಗಸೂಚಿಯಿಂದ ಕೈಬಿಟ್ಟದ್ದು 2006ರಲ್ಲಿ. ಇಷ್ಟು ತಡವಾಗಬಾರದಿತ್ತು. ಯಾಕೆಂದರೆ 'ಮೊದಲು ಹೇಳು, ಆಮೇಲೆ ತೋರಿಸು, ಕೊನೆಗೆ ಮಾಡು' ಅನ್ನುವ ದಾರಿ 1959ರಲ್ಲೇ ಗೊತ್ತಿತ್ತು.

ಆ ದಾರಿಯಲ್ಲಿ ಎಲ್ಲವೂ ನಿಧಾನ. ವಸಡನ್ನು ಒರೆಸಿ ಜೋಮು ಹಿಡಿಸುವ ಜೆಲ್ ಹಚ್ಚುತ್ತಾರೆ, ಒಂದೆರಡು ನಿಮಿಷ ಕಾಯುತ್ತಾರೆ. ಕೆನ್ನೆಯನ್ನು ಮೆಲ್ಲಗೆ ಅಲುಗಾಡಿಸುತ್ತಾ ಸೂಜಿ ಹಾಕುತ್ತಾರೆ. ಸೂಜಿಗಿಂತ, ಔಷಧಿ ರಭಸದಿಂದ ಒಳಗೆ ನುಗ್ಗುವುದೇ ಎಷ್ಟೋ ಸಲ ಜಾಸ್ತಿ ನೋಯಿಸುತ್ತದೆ. ಜೋಮು ಹಿಡಿದ ಮೇಲೂ ಒತ್ತಿದ್ದು ಗೊತ್ತಾಗುತ್ತದೆ. ಅದನ್ನು ಮೊದಲೇ ಹೇಳದಿದ್ದರೆ ಮಗು ಅದನ್ನೂ ನೋವು ಅಂತಲೇ ತಿಳಿಯುತ್ತದೆ, ಅಲ್ವಾ? 'ಕೈ ಎತ್ತಿದರೆ ನಿಲ್ಲಿಸ್ತೀನಿ' ಅಂದವರು ನಿಲ್ಲಿಸಲೇಬೇಕು. ಒಂದು ಸಲ ತಪ್ಪಿದರೂ ಮಗು ಮತ್ತೆ ನಂಬುವುದಿಲ್ಲ. ಮನೆಯಲ್ಲಿ 'ಒಂಚೂರೂ ನೋಯಲ್ಲ' ಅಂತ ಸುಮ್ನೆ ಹೇಳಿ ಕರೆತರುವುದೂ ಹೀಗೇ ತಿರುಗಿ ಬೀಳುತ್ತದೆ.

ಇಷ್ಟಕ್ಕೂ ಹೆದರಿಕೆ ಹೋಗದಿದ್ದರೆ ಅದೇ ನೈಟ್ರಸ್ ಆಕ್ಸೈಡ್ ಗ್ಯಾಸ್ ಇದೆ. ಮೂಗಿಗೆ ಮಾಸ್ಕ್ ಇಡುತ್ತಾರೆ, ಮಗು ಎಚ್ಚರವಾಗಿಯೇ ಇರುತ್ತದೆ. ಕೊನೆಯಲ್ಲಿ ಕೆಲವು ನಿಮಿಷ ಆಮ್ಲಜನಕ ಕೊಟ್ಟರೆ ಅಮಲು ಇಳಿಯುತ್ತದೆ. ಮೂಗು ಕಟ್ಟಿದ್ದರೆ ಇದು ಕೆಲಸ ಮಾಡುವುದಿಲ್ಲ. ಪೂರ್ತಿ ಪ್ರಜ್ಞೆ ತಪ್ಪಿಸುವುದು ಕೊನೆಯ ದಾರಿ. ಬ್ರಿಟನ್ನಿನಲ್ಲಿ 2002ರಿಂದ ಅದನ್ನು ಆಸ್ಪತ್ರೆಯಲ್ಲಿ ಮಾತ್ರ ಮಾಡಬೇಕು.

ಈಚೆಗೆ ಕೊರೆಯುವುದನ್ನೇ ತಪ್ಪಿಸುವ ದಾರಿಗಳೂ ಬಂದಿವೆ. ಸ್ಕಾಟ್ಲೆಂಡಿನಿಂದ ಬಂದ ಹಾಲ್ ವಿಧಾನದಲ್ಲಿ ಇಂಜೆಕ್ಷನ್ ಇಲ್ಲದೆ ದವಡೆಯ ಹಾಲುಹಲ್ಲಿಗೆ ಸ್ಟೀಲ್ ಕ್ಯಾಪ್ ಕೂರಿಸುತ್ತಾರೆ. ಸಿಲ್ವರ್ ಡೈಅಮೈನ್ ಫ್ಲೋರೈಡ್ ಅನ್ನುವ ದ್ರವ ಔಷಧಿ ಹಚ್ಚಿದರೆ ಹುಳುಕು ಅಲ್ಲಿಗೇ ನಿಲ್ಲಬಹುದು. ಹುಳುಕಾದ ಜಾಗ ಮಾತ್ರ ಕಪ್ಪಾಗುತ್ತದೆ. ಆದರೆ ಹುಳುಕು ನರಕ್ಕೆ ತಗುಲಿ ಕೀವಾದ ಹಲ್ಲಿಗೆ ಇವೆರಡೂ ಆಗುವುದಿಲ್ಲ. ಮೊದಲ ಭೇಟಿ ಒಂದು ವರ್ಷ ತುಂಬುವುದರೊಳಗೆ ಆಗಲಿ ಅಂತ ಅದೇ ಅಕಾಡೆಮಿ ಹೇಳುವುದು ಇದಕ್ಕೇ. ಆಗ ನೋವೂ ಇರುವುದಿಲ್ಲ, ಅವಸರವೂ ಇರುವುದಿಲ್ಲ.