ಕೋರ್ ಹೆಚ್ಚಿಸುವ ಮೊದಲು ಡಿಸ್ಕಿನ ಕಡೆ ನೋಡಿ

ಹಾಸನ, ಚಿಕ್ಕಮಗಳೂರಿನ ಕಾಫಿ ವ್ಯಾಪಾರದ ಕಚೇರಿಗಳಲ್ಲಿ, ಸಹಕಾರ ಸಂಘಗಳಲ್ಲಿ, ಕಾಲೇಜುಗಳಲ್ಲಿ ಒಂದೇ ಸರ್ವರಿನ ಮೇಲೆ ನಾಲ್ಕೈದು ವರ್ಚುವಲ್ ಮೆಷಿನ್‌ಗಳನ್ನು (ತಂತ್ರಾಂಶದಿಂದ ರೂಪಿಸಿದ ಕಂಪ್ಯೂಟರ್‌ಗಳನ್ನು) ನಡೆಸುವುದು ಈಗ ವಾಡಿಕೆಯಾಗಿದೆ. ಅವು ನಿಧಾನವಾದ ಕೂಡಲೇ ಹೆಚ್ಚು ಕೋರ್ (ಪ್ರೊಸೆಸರಿನೊಳಗಿನ ಕೆಲಸ ಮಾಡುವ ಘಟಕ), ಹೆಚ್ಚು ರ‍್ಯಾಮ್ ಕೇಳುತ್ತಾರೆ. ನಾನು ನೋಡಿದ ಬಹುಪಾಲು ಕಡೆಗಳಲ್ಲಿ ತೊಡಕು ಇದ್ದದ್ದು ಡಿಸ್ಕಿನಲ್ಲಿ.

ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕ್ ದೊಡ್ಡ ಕಡತವೊಂದನ್ನು ಸಾಲಾಗಿ ಓದುವಾಗ ಚುರುಕಾಗಿಯೇ ಇರುತ್ತದೆ. ಆದರೆ ಅಲ್ಲಲ್ಲಿ ಚದುರಿದ ಸಣ್ಣ ತುಣುಕುಗಳನ್ನು ಕೇಳಿದರೆ ಸೆಕೆಂಡಿಗೆ ಸುಮಾರು 100 ಬೇಡಿಕೆಗಳನ್ನಷ್ಟೇ ಪೂರೈಸಬಲ್ಲದು. ಪ್ರತಿಯೊಂದು ಗೆಸ್ಟ್, ಅಂದರೆ ವರ್ಚುವಲ್ ಮೆಷಿನ್, ತನ್ನ ಮಟ್ಟಿಗೆ ಸಾಲಾಗಿಯೇ ಓದುತ್ತಿದ್ದರೂ, ನಾಲ್ಕರ ಬೇಡಿಕೆಗಳು ಒಂದೇ ಡಿಸ್ಕಿಗೆ ಬಂದು ಬೆರೆತಾಗ ಅದರ ಪಾಲಿಗೆ ಎಲ್ಲವೂ ಚದುರಿದ ಓದೇ ಆಗುತ್ತದೆ. ಚಿಕ್ಕಮಗಳೂರಿನ ಒಂದು ಕಚೇರಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಲೆಕ್ಕಪತ್ರದ ತಂತ್ರಾಂಶ ಸ್ತಬ್ಧವಾಗುತ್ತಿತ್ತು. ಗೆಸ್ಟ್‌ಗಳನ್ನು ನಡೆಸುವ ಸರ್ವರಿನಲ್ಲಿ, ಅಂದರೆ ಹೋಸ್ಟಿನಲ್ಲಿ, ಯಂತ್ರದ ಹೊರೆ ತೋರಿಸುವ ‘ಟಾಪ್’ ಆಜ್ಞೆ ಕೊಟ್ಟು ನೋಡಿದರೆ ಪ್ರೊಸೆಸರ್ ಬಹುತೇಕ ಖಾಲಿ, ಡಿಸ್ಕಿಗಾಗಿ ಕಾಯುವ ಪ್ರಮಾಣ ಮಾತ್ರ ವಿಪರೀತ. ಎಲ್ಲ ಗೆಸ್ಟ್‌ಗಳಲ್ಲೂ ಆಂಟಿವೈರಸ್ ತಪಾಸಣೆಗೆ ಒಂದೇ ಸಮಯ ನಿಗದಿಯಾಗಿತ್ತು. ಆ ವೇಳೆಗಳನ್ನು ರಾತ್ರಿಗೆ ಹಂಚಿ, ಅಪ್‌ಡೇಟಿಗೆ ಮುನ್ನ ತೆಗೆದು ಮರೆತೇಬಿಟ್ಟಿದ್ದ ಹಳೆಯ ಸ್ನ್ಯಾಪ್‌ಶಾಟ್‌ಗಳನ್ನು (ಗೆಸ್ಟಿನ ಆ ಹೊತ್ತಿನ ಸ್ಥಿತಿಯ ದಾಖಲೆಗಳನ್ನು) ಅಳಿಸಿದ ಮೇಲೆ ದೂರು ನಿಂತಿತು. ಹಣ ಖರ್ಚು ಮಾಡಲೇಬೇಕೆಂದಿದ್ದರೆ ಮೊದಲು ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ಡಿಸ್ಕ್) ಹಾಕಿಸಿ ಎನ್ನುವುದು ನನ್ನ ಸಲಹೆ.

ಕೋರ್‌ಗಳ ವಿಷಯದಲ್ಲಿ ಕಡಿಮೆ ಕೊಟ್ಟಷ್ಟೂ ಒಳ್ಳೆಯದಾಗುವ ಸಂದರ್ಭಗಳಿವೆ ಎಂದರೆ ಹಲವರು ನಂಬುವುದಿಲ್ಲ. ಇರುವ ಕೋರ್‌ಗಳಿಗಿಂತ ಬಹಳ ಹೆಚ್ಚನ್ನು ಹಂಚಿದಾಗ, ಒಂದು ಲಾಕ್ (ಒಂದು ಬಾರಿಗೆ ಒಂದಕ್ಕಷ್ಟೇ ಸಿಗುವ ಬಳಕೆಯ ಹಕ್ಕು) ಹಿಡಿದಿರುವ ವರ್ಚುವಲ್ ಕೋರನ್ನು ಹೋಸ್ಟ್ ನಡುವೆಯೇ ಬದಿಗೆ ಸರಿಸಬಹುದು. ಅದೇ ಗೆಸ್ಟಿನ ಉಳಿದ ಕೋರ್‌ಗಳು ಆ ಲಾಕಿಗಾಗಿ ಸುಮ್ಮನೆ ಸುತ್ತುತ್ತಾ ನಿಜವಾದ ಪ್ರೊಸೆಸರ್ ಸಮಯವನ್ನು ತಿಂದುಹಾಕುತ್ತವೆ. ಲಿನಕ್ಸ್ ಗೆಸ್ಟ್ ಒಳಗಿನ ‘ಟಾಪ್’ನಲ್ಲಿ ‘ಸ್ಟೀಲ್’ (ನಿಜವಾದ ಪ್ರೊಸೆಸರ್ ಸಿಗದೆ ಕಾದ ಸಮಯ) ಅಂಕಿ ಏರುತ್ತಿದ್ದರೆ ಹಂಚಿಕೆ ಅತಿಯಾಗಿದೆ ಎಂದೇ ಅರ್ಥ. ಎರಡು ಕೋರ್‌ನಿಂದ ಆರಂಭಿಸಿ, ಅಗತ್ಯ ಕಂಡರೆ ಏರಿಸಬಹುದು. ರ‍್ಯಾಮ್ ಹಂಚುವಾಗ ಹೋಸ್ಟಿಗೆಂದು ಒಂದಿಷ್ಟು ಉಳಿಸಬೇಕು. ಹೋಸ್ಟ್ ಸ್ವಾಪ್ ಮಾಡತೊಡಗಿದರೆ, ಅಂದರೆ ರ‍್ಯಾಮ್ ಸಾಲದೆ ಡಿಸ್ಕನ್ನು ಬಳಸತೊಡಗಿದರೆ, ಮತ್ತೆ ಅದೇ ಡಿಸ್ಕಿಗೆ ಹೊರೆ.

2007ರಲ್ಲಿ 2.6.20 ಆವೃತ್ತಿಯ ಲಿನಕ್ಸ್ ಕರ್ನಲ್ ಸೇರಿದ ಕೆವಿಎಂ (ವರ್ಚುವಲ್ ಮೆಷಿನ್ ನಡೆಸುವ ವ್ಯವಸ್ಥೆ) ಬಳಸುವವರು ಗೆಸ್ಟ್‌ಗಳಿಗೆ ವರ್ಟಿಯೊ (ವರ್ಚುವಲ್ ಮೆಷಿನ್‌ಗಳಿಗೆಂದೇ ರೂಪಿಸಿದ) ಡ್ರೈವರ್‌ಗಳಿವೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ವಿಂಡೋಸ್ ಸ್ಥಾಪಿಸುವಾಗ ಆ ಡ್ರೈವರ್ ಅದರಲ್ಲಿ ಇರುವುದಿಲ್ಲವಾದ್ದರಿಂದ ಹಳೆಯ ಮಾದರಿಯ ಐಡಿಇ ಡಿಸ್ಕ್ ಆರಿಸಿ ಕೆಲಸ ಮುಗಿಸಿರುತ್ತಾರೆ, ಅದು ವರ್ಷಗಟ್ಟಲೆ ಹಾಗೇ ಉಳಿದುಬಿಡುತ್ತದೆ. ಆಗ ಹಳೆಯ ಯಂತ್ರಾಂಶವೊಂದರ ನಡವಳಿಕೆಯನ್ನು ತಂತ್ರಾಂಶದಲ್ಲಿ ಅನುಕರಿಸುವುದಕ್ಕೇ ಸಮಯ ಹೋಗುತ್ತದೆ.

ವೇಗದ ಆಸೆಗೆ ಡಿಸ್ಕಿನ ಕ್ಯಾಶೆಯನ್ನು (ದತ್ತಾಂಶದ ತಾತ್ಕಾಲಿಕ ನೆಲೆಯನ್ನು) ‘ಅನ್‌ಸೇಫ್’ ಸ್ಥಿತಿಗೆ ತರುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ದತ್ತಾಂಶವನ್ನು ಡಿಸ್ಕಿಗೆ ಬರೆದೇ ಮುಗಿಸು ಎಂದು ಗೆಸ್ಟ್ ಕೇಳಿಕೊಂಡರೂ ಈ ಸ್ಥಿತಿಯಲ್ಲಿ ಹೋಸ್ಟ್ ಅದನ್ನು ಲೆಕ್ಕಿಸುವುದಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಕರೆಂಟ್ ಹೋಗುತ್ತಲೇ ಇರುವ ನಮ್ಮ ಕಡೆ ಇದರಿಂದ ಡೇಟಾಬೇಸ್ ಕೆಡುವ ಅಪಾಯ ಖಂಡಿತ ಇದೆ. ಬ್ಯಾಟರಿ ಇಲ್ಲದ ರೇಡ್ ಕಾರ್ಡಿನ (ಹಲವು ಡಿಸ್ಕ್‌ಗಳನ್ನು ಒಂದಾಗಿ ನಡೆಸುವ ಕಾರ್ಡಿನ) ರೈಟ್‌ಬ್ಯಾಕ್ ಕ್ಯಾಶೆಗೂ, ಅಂದರೆ ಡಿಸ್ಕಿಗೆ ಬರೆಯುವ ಮೊದಲೇ ಮುಗಿಯಿತೆಂದು ಹೇಳುವ ಕ್ಯಾಶೆಗೂ, ಇದೇ ಮಾತು ಅನ್ವಯಿಸುತ್ತದೆ. ಯುಪಿಎಸ್ ಇದೆ ಎಂದು ನಿಶ್ಚಿಂತರಾಗುವವರು, ಎಲ್ಲ ಗೆಸ್ಟ್‌ಗಳೂ ಕ್ರಮವಾಗಿ ಶಟ್‌ಡೌನ್ ಆಗಲು ಹಿಡಿಯುವ ಸಮಯವನ್ನು ಒಮ್ಮೆ ಅಳೆದು, ಬ್ಯಾಟರಿ ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು.