ಪೊಲೀಸರಿಗೆ ‘ತಿಂಗಳಿಗೆ ಇಷ್ಟು ಕೇಸ್’ ಎಂಬ ಗುರಿ ಇರುತ್ತದೆಯೇ?

ಹುಬ್ಬಳ್ಳಿ, ಧಾರವಾಡ ಎರಡೂ ಕಡೆಯ ಓದುಗರು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಲೇ ಇರುವ ಪ್ರಶ್ನೆ ಇದು: “ತಿಂಗಳ ಕೊನೆ ಬಂತೆಂದರೆ ಕಟ್ಟೆಯ ಮೇಲೆ ಕುಳಿತವರನ್ನೂ ಠಾಣೆಗೆ ಕರೆದೊಯ್ಯುತ್ತಾರೆ, ಟಾರ್ಗೆಟ್ ಇದೆಯಂತೆ. ಅದು ನಿಜವೇ? ನಿಜವಾದರೂ ತಪ್ಪೇನು, ಹೆಚ್ಚು ಜನರನ್ನು ಹಿಡಿದರೆ ಊರಿಗೆ ಒಳ್ಳೆಯದಲ್ಲವೇ?”

ಇಷ್ಟು ಜನರನ್ನು ಬಂಧಿಸಲೇಬೇಕು ಎಂದು ಯಾವ ಕಾನೂನೂ ಹೇಳುವುದಿಲ್ಲ. ಬಂಧಿಸುವ ಅಧಿಕಾರ ಇರುವುದು ಬೇರೆ, ಬಂಧಿಸಲು ತಕ್ಕ ಕಾರಣ ಇರುವುದು ಬೇರೆ ಎಂದು ಸುಪ್ರೀಂ ಕೋರ್ಟ್ 1994ರ ಜೋಗಿಂದರ್ ಕುಮಾರ್ ಪ್ರಕರಣದಲ್ಲೇ ಹೇಳಿತು. 2014ರ ಅರ್ನೇಶ್ ಕುಮಾರ್ ತೀರ್ಪಿನ ಪ್ರಕಾರ, ಏಳು ವರ್ಷದವರೆಗೆ ಶಿಕ್ಷೆಯಿರುವ ಅಪರಾಧಗಳಲ್ಲಿ ಬಂಧನ ಏಕೆ ಬೇಕಾಯಿತೆಂದು ಅಧಿಕಾರಿ ಬರೆದು ತೋರಿಸಬೇಕು. ಬೇಡವಾದರೆ ನೋಟಿಸ್ ಕೊಟ್ಟು ಕರೆಸಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 35ರಲ್ಲೂ ಇದೇ ನಿಯಮವಿದೆ.

ಆದರೆ ಗುರಿ ಎಂಬುದು ಆದೇಶದ ರೂಪದಲ್ಲೇ ಬರಬೇಕಿಲ್ಲ. ಅಪರಾಧ ಪರಿಶೀಲನಾ ಸಭೆಯಲ್ಲಿ ಮಟಕಾ ಎಷ್ಟು, ಇಸ್ಪೀಟು ಎಷ್ಟು, ಅಕ್ರಮ ಸಾರಾಯಿ ಎಷ್ಟು ಎಂಬ ಪಟ್ಟಿ ಮುಂದಿಟ್ಟುಕೊಂಡು, “ಪಕ್ಕದ ಠಾಣೆಗಿಂತ ನಿಮ್ಮಲ್ಲಿ ಏಕೆ ಕಡಿಮೆ?” ಎಂದು ಮೇಲಿನವರು ಒಮ್ಮೆ ಕೇಳಿದರೆ ಸಾಕು. ಆನ್‌ಲೈನ್ ವಂಚಕನ ಬೆನ್ನು ಹತ್ತಿ ಜಾರ್ಖಂಡದವರೆಗೆ ಹೋಗಿ ಬರಲು ವಾರಗಳು ಬೇಕು. ಮಟಕಾ ಚೀಟಿ ಬರೆಯುವ ಬಡವ ಒಂದೇ ಸಂಜೆಯಲ್ಲಿ ಸಿಗುತ್ತಾನೆ. ಕರ್ನಾಟಕ ಪೊಲೀಸ್ ಕಾಯ್ದೆ 1963ರ ಕಲಂ 78 ಹಾಕಿದರೆ ಮುಗಿಯಿತು. ಪಟ್ಟಿಯಲ್ಲಿ ಎರಡಕ್ಕೂ ಬೀಳುವ ಅಂಕಿ ಒಂದೇ. ಹೀಗಿರುವಾಗ, ರಜೆಯಿಲ್ಲದೆ ದುಡಿಯುವ ಕಾನ್‌ಸ್ಟೆಬಲ್ ಯಾವುದರ ಹಿಂದೆ ಹೋದಾನು? ದೋಷವನ್ನು ಅವನ ಮೇಲೆ ಹೊರಿಸಲು ನನಗೆ ಮನಸ್ಸಿಲ್ಲ.

ಇಂಗ್ಲೆಂಡಿನಲ್ಲಿ ಇದು ನಡೆದೇಹೋಯಿತು. ನ್ಯಾಯದ ಮುಂದೆ ತಂದ ಅಪರಾಧಗಳ ಸಂಖ್ಯೆಯನ್ನು 2007–08ರ ಹೊತ್ತಿಗೆ ಹನ್ನೆರಡೂವರೆ ಲಕ್ಷಕ್ಕೆ ಏರಿಸಬೇಕೆಂದು ಸರ್ಕಾರವೇ ಗುರಿಯಿಟ್ಟಿತು. ಪೊಲೀಸರ ಕೈಗೆ ಸುಲಭವಾಗಿ ಸಿಕ್ಕವರು ಮಕ್ಕಳು. ಹಿಂದೆ ಗದರಿಸಿ ಕಳಿಸುತ್ತಿದ್ದ ಸಣ್ಣ ತಂಟೆಗಳೂ ದಾಖಲೆಗೆ ಹೋದವು. 2008ರಲ್ಲಿ ಆ ಗುರಿಯನ್ನು ಕೈಬಿಟ್ಟರು. ನಮ್ಮಲ್ಲಿ, 1977ರಲ್ಲಿ ರಚನೆಯಾದ ರಾಷ್ಟ್ರೀಯ ಪೊಲೀಸ್ ಆಯೋಗವು ಸುಮಾರು ಶೇ 60ರಷ್ಟು ಬಂಧನಗಳು ಅನಗತ್ಯ ಅಥವಾ ಸಮರ್ಥಿಸಲಾಗದವು ಎಂದು ತನ್ನ ಮೂರನೆಯ ವರದಿಯಲ್ಲಿ ಬರೆದಿತ್ತು.

ಇನ್ನು “ತಪ್ಪೇನು?” ಎಂಬುದು. ನನ್ನನ್ನು ಹೆಚ್ಚು ಕಾಡುವ ಭಾಗ ಇದೇ. ಒಂದು ಪ್ರಕರಣ ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ ಪಂಚರು, ಅಂದರೆ ಶೋಧದ ವೇಳೆ ಸಾಕ್ಷಿಯಾಗಿ ನಿಲ್ಲುವವರು, ಬೇಕು. ಒಂದು ಸ್ಥಳವನ್ನು ಶೋಧಿಸುವಾಗ ಅದೇ ಭಾಗದ ಇಬ್ಬರು ಅಥವಾ ಹೆಚ್ಚು ಸ್ವತಂತ್ರ, ಗೌರವಾನ್ವಿತ ನಿವಾಸಿಗಳು ಹಾಜರಿರಬೇಕೆಂದು ಕಾನೂನು ಬಯಸುತ್ತದೆ. ಆ ಇಬ್ಬರು ಎಲ್ಲಿಂದ ಬರಬೇಕು? ಕಟ್ಟೆಯಿಂದ, ಚಹಾದ ಅಂಗಡಿಯಿಂದ, ಕಿರಾಣಿ ಅಂಗಡಿಯಿಂದ. ಯಾರ ಮಗನನ್ನು ಕಾರಣವಿಲ್ಲದೆ ರಾತ್ರಿಯಿಡೀ ಠಾಣೆಯಲ್ಲಿ ಕೂರಿಸಿ ಬೆಳಿಗ್ಗೆ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರೋ, ಆ ಮನೆಯವರು ಮುಂದೆ ಪೊಲೀಸ್ ಜೀಪು ಕಂಡೊಡನೆ ಅಂಗಡಿಯ ಬಾಗಿಲು ಎಳೆಯುತ್ತಾರೆ. ನಾಳೆ ಅದೇ ಬೀದಿಯಲ್ಲಿ ಒಬ್ಬ ತಾಯಿಯ ಕೊರಳಿನ ಸರ ಕಿತ್ತುಕೊಂಡು ಹೋದಾಗ, ಕಣ್ಣಾರೆ ಕಂಡವರೂ “ನಾನೇನೂ ನೋಡಲಿಲ್ಲ ಸಾಹೇಬರೇ” ಎನ್ನುತ್ತಾರೆ. ಪೊಲೀಸರು ಕೊನೆಗೆ ಹೇಳಿದಲ್ಲಿ ಸಹಿ ಹಾಕುವ ಪರಿಚಯದವರನ್ನೇ ಪಂಚರನ್ನಾಗಿ ಮಾಡಿಕೊಳ್ಳಬೇಕಾಗುತ್ತದೆ. ವಿಚಾರಣೆಯಲ್ಲಿ ಪ್ರತಿವಾದಿ ವಕೀಲರ ಎರಡು ಪ್ರಶ್ನೆಗೆ ಅವರು ತತ್ತರಿಸುತ್ತಾರೆ, ಕಳ್ಳ ಬಿಡುಗಡೆಯಾಗುತ್ತಾನೆ. ತಿಂಗಳ ಪಟ್ಟಿ ತುಂಬಿಸಿದ ಬಂಧನವೇ ಮುಂದಿನ ನಿಜವಾದ ಪ್ರಕರಣವನ್ನು ಕೆಡಿಸಿರುತ್ತದೆ.

ಇನ್ನೊಂದು ನಷ್ಟವಿದೆ, ಅದು ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ. 2024ರ ಮೇ ತಿಂಗಳಲ್ಲಿ ಹುಬ್ಬಳ್ಳಿಯ ವೀರಾಪುರ ಓಣಿಯಲ್ಲಿ ಯುವತಿಯೊಬ್ಬಳು ಮನೆಯಲ್ಲೇ ಕೊಲೆಯಾದಳು. ಬೆದರಿಕೆಯ ವಿಷಯವನ್ನು ಮೊದಲೇ ಪೊಲೀಸರಿಗೆ ತಿಳಿಸಿದ್ದರೂ ಕಿವಿಗೊಡಲಿಲ್ಲ ಎಂದು ಮನೆಯವರು ಹೇಳಿದರು. ಠಾಣೆಯ ಇನ್‌ಸ್ಪೆಕ್ಟರ್ ಅಮಾನತಾದರು. ಅಲ್ಲಿ ಗುರಿಯ ಒತ್ತಡವಿತ್ತು ಎಂದು ನಾನು ಹೇಳುತ್ತಿಲ್ಲ. ಆದರೆ ಯಾರದೋ ಅಳಲನ್ನು ಕೇಳಿ, ಒಂದು ಕೊಲೆ ಆಗದಂತೆ ನೋಡಿಕೊಂಡ ಪೊಲೀಸರಿಗೆ ಬಂಧನದ ಪಟ್ಟಿಯಲ್ಲಿ ಸಿಗುವುದು ಸೊನ್ನೆ. ಠಾಣೆಗೆ ಬಂದ ದೂರನ್ನು ಎಷ್ಟು ಹೊತ್ತಿನಲ್ಲಿ ದಾಖಲಿಸಿದರು, ದೂರು ಕೊಟ್ಟವರಿಗೆ ತನಿಖೆಯ ಸುದ್ದಿ ಮುಟ್ಟಿತೇ, ಎಷ್ಟು ಸಾಕ್ಷಿಗಳು ಕೊನೆಯವರೆಗೆ ನಿಂತರು ಎಂಬುದನ್ನು ಸಭೆಯಲ್ಲಿ ಕೇಳುವಂತಾದರೆ ಠಾಣೆಯ ದಿನಚರಿಯೇ ಬದಲಾದೀತು.

ಅಷ್ಟರವರೆಗೆ, ನಿಮ್ಮ ಮನೆಯವರನ್ನು ಕರೆದೊಯ್ದರೆ ಗಲಾಟೆ ಮಾಡದೆ, “ಇದು ನೋಟಿಸೋ, ಬಂಧನವೋ?” ಎಂದು ಕೇಳಿ. ಬಂಧನವಾದರೆ ಕಾರಣ ಹೇಳಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಇದು ಸಂವಿಧಾನದ 22ನೇ ವಿಧಿ. ದಿನ, ವೇಳೆ ನಮೂದಿಸಿದ ಬಂಧನ ಪತ್ರವನ್ನು ಬರೆಯಬೇಕು, ಅದಕ್ಕೆ ಕುಟುಂಬದವರೊಬ್ಬರು ಅಥವಾ ಆ ಭಾಗದ ಗೌರವಾನ್ವಿತರೊಬ್ಬರು ಸಾಕ್ಷಿಯಾಗಿ ಸಹಿ ಹಾಕಬೇಕು. ಪಕ್ಕದ ಮನೆಯ ಹುಡುಗನಿಗೆ ಆ ಸಹಿ ಬೇಕಾದಾಗ ನೀವೂ ಹೋಗಿ, ಓದಿ ನೋಡಿ, ವೇಳೆ ಸರಿಯಾಗಿದ್ದರೆ ಮಾತ್ರ ಸಹಿ ಹಾಕಿ.