ಹಳೆಯ ಮೋಟರ್‌ಹೋಮ್‌ನ ಕ್ಲಿಯರ್ ಕೋಟ್ ಸುಲಿಯುತ್ತಿದೆ: ಪಾಲಿಶ್ ಸಾಕೇ, ಇಡೀ ಗಾಡಿಗೆ ಬಣ್ಣ ಹೊಡೆಸಬೇಕೇ?

ಓದುಗರ ಪ್ರಶ್ನೆ: ನಾವು ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ಸಮೀಪ ನೆಲೆಸಿದ್ದೇವೆ. ನಮ್ಮ 2004ರ ಮಾದರಿಯ ಮೋಟರ್‌ಹೋಮ್ (ಒಳಗೇ ವಾಸಿಸಬಹುದಾದ ಮನೆಗಾಡಿ) ವರ್ಷವಿಡೀ ಬಯಲಿನಲ್ಲೇ ನಿಂತಿರುತ್ತದೆ. ಅದರ ಮೂತಿಯ ಮೇಲ್ಭಾಗದಲ್ಲೂ ಛಾವಣಿಯ ಅಂಚಿನುದ್ದಕ್ಕೂ ಬಿಳಿಯ ಮಚ್ಚೆಗಳೆದ್ದು, ಮೇಲಿನ ಪದರ ಹೊಪ್ಪಳೆಹೊಪ್ಪಳೆಯಾಗಿ ಏಳುತ್ತಿದೆ. ಎಂಜಿನ್ ಗಟ್ಟಿಮುಟ್ಟಾಗಿದೆ, ಒಳಭಾಗವೂ ಅಚ್ಚುಕಟ್ಟಾಗಿದೆ. ಒಳ್ಳೆಯ ಪಾಲಿಶ್ ಅಥವಾ ಸೆರಾಮಿಕ್ ಲೇಪನದಿಂದ ಇದನ್ನು ಇಲ್ಲಿಗೇ ತಡೆಯಬಹುದೇ, ಇಲ್ಲವೇ ಇಡೀ ಗಾಡಿಗೆ ಬಣ್ಣ ಹೊಡೆಸಲೇಬೇಕೇ?

ಉತ್ತರ: ಸುಲಿಯಲು ಶುರುವಾದ ಕ್ಲಿಯರ್ ಕೋಟನ್ನು, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರವನ್ನು, ಯಾವ ಪಾಲಿಶ್ ಆಗಲಿ, ಮೇಣವಾಗಲಿ, ಸೆರಾಮಿಕ್ ಲೇಪನವಾಗಲಿ ಮತ್ತೆ ಅಂಟಿಸಲಾರದು. ಹಾಗೆಂದು ನೀವು ವಿವರಿಸಿದಂಥ ಗಾಡಿಗೆ ತಲೆಯಿಂದ ಬಾಲದವರೆಗೆ ಹೊಸ ಬಣ್ಣ ಹೊಡೆಸುವ ಅಗತ್ಯವೂ ನನಗೆ ಕಾಣುವುದಿಲ್ಲ. ಕೆಟ್ಟಿರುವುದು ಆಕಾಶಕ್ಕೆ ಮುಖ ಮಾಡಿರುವ ಭಾಗಗಳು ಮಾತ್ರ. ಅವನ್ನಷ್ಟೇ, ಆದರೆ ಅರೆಬರೆಯಾಗಿ ಅಲ್ಲದೆ ಒಂದು ಸಹಜವಾದ ಎಲ್ಲೆಯವರೆಗೆ, ಬುಡದಿಂದ ಸರಿಪಡಿಸುವುದೇ ಸರಿಯಾದ ದಾರಿ.

ಇಂದಿನ ವಾಹನಗಳ ಹೊರಮೈಯಲ್ಲಿ ಬಣ್ಣವಿರುವುದು ಕೆಳಗಿನ ಪದರದಲ್ಲಿ, ಅಂದರೆ ಬೇಸ್ ಕೋಟ್‌ನಲ್ಲಿ. ಅದರ ಮೇಲಿನ ಪಾರದರ್ಶಕ ಪದರವೇ ಕ್ಲಿಯರ್ ಕೋಟ್. ಇದು ಹೊಳಪು ಕೊಡುವುದರ ಜೊತೆಗೆ, ಕೆಳಗಿನ ಬಣ್ಣಕ್ಕೆ ಬಿಸಿಲು ತಾಗದಂತೆ ಕಾಯುತ್ತದೆ. ಇದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಅಂದರೆ ಒಂದು ತಲೆಗೂದಲಿಗಿಂತಲೂ ಕಡಿಮೆ. ಅತಿನೇರಳೆ ಕಿರಣಗಳನ್ನು ಹೀರಿಕೊಳ್ಳುವ ರಾಸಾಯನಿಕಗಳನ್ನೂ, ಆ ಕಿರಣಗಳಿಂದ ಹುಟ್ಟುವ ವಿನಾಶಕ ಕ್ರಿಯೆಗಳನ್ನು ತಣಿಸುವ ಸ್ಥಿರಕಾರಿಗಳನ್ನೂ ತಯಾರಕರು ಈ ಪದರದೊಳಗೆ ಬೆರೆಸಿರುತ್ತಾರೆ. ಈ ರಾಸಾಯನಿಕಗಳು ವರ್ಷದಿಂದ ವರ್ಷಕ್ಕೆ ಸವೆಯುತ್ತವೆ. ಅವು ತೀರುತ್ತಾ ಬಂದಂತೆ ಕಿರಣಗಳು ಪದರವನ್ನು ದಾಟಿ ಬೇಸ್ ಕೋಟ್‌ನ ಮೇಲ್ಮೈಯನ್ನೇ ತಲುಪಿ, ಎರಡು ಪದರಗಳನ್ನು ಬೆಸೆದಿರುವ ಹಿಡಿತವನ್ನು ಕಡಿಯುತ್ತವೆ. ಹಾಗಾಗಿ ಕಣ್ಣಿಗೆ ಬಿಳಿಯ ಮಚ್ಚೆ ಕಾಣಿಸುವ ಹೊತ್ತಿಗೆ ಅಲ್ಲಿನ ಬೆಸುಗೆ ಬಿಟ್ಟುಹೋಗಿ, ನಡುವೆ ಗಾಳಿ ಸೇರಿರುತ್ತದೆ. ಮೇಲಿನಿಂದ ಎಷ್ಟೇ ತಿಕ್ಕಿದರೂ ಆ ಪೊಳ್ಳು ಮುಚ್ಚುವುದಿಲ್ಲ. ಪಾಲಿಶ್ ಮಾಡುವ ಯಂತ್ರದ ಪ್ಯಾಡ್ ಅಂಚಿಗೆ ಸಿಕ್ಕಿಕೊಂಡರೆ ಇನ್ನಷ್ಟು ಕಿತ್ತುಬರುತ್ತದೆ.

ನೀವಿರುವ ಜಾಗವೂ ಇದರಲ್ಲಿ ದೊಡ್ಡ ಪಾಲು ಹೊಂದಿದೆ. ವಾಹನದ ಬಣ್ಣಗಳ ಬಾಳಿಕೆಯನ್ನು ಪರೀಕ್ಷಿಸಲು ಕಂಪನಿಗಳು ಮಾದರಿ ಫಲಕಗಳನ್ನು ಬಿಸಿಲಿಗೆ ಒಡ್ಡುವ ಎರಡು ಪ್ರಸಿದ್ಧ ಪ್ರದೇಶಗಳೆಂದರೆ ದಕ್ಷಿಣ ಫ್ಲೋರಿಡಾ ಮತ್ತು ಅರಿಜೋನಾದ ಮರುಭೂಮಿ. 2023ರಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನಗಳ ಕಾಲ ಗರಿಷ್ಠ ತಾಪಮಾನ 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 43 ಡಿಗ್ರಿ ಸೆಲ್ಸಿಯಸ್, ಮುಟ್ಟಿತ್ತು ಅಥವಾ ದಾಟಿತ್ತು. ಅಂಥ ಊರಿನಲ್ಲಿ ಬಯಲಿನಲ್ಲಿ ನಿಂತ ಗಾಡಿಯ ಮೇಲ್ಮೈ, ಅದರಲ್ಲೂ ಗಾಢ ಬಣ್ಣದ ಪಟ್ಟಿಗಳು, ಗಾಳಿಯ ತಾಪಮಾನಕ್ಕಿಂತ ಬಹಳ ಹೆಚ್ಚು ಕಾಯುತ್ತವೆ. ಇಪ್ಪತ್ತು ವರ್ಷ ತಡೆದುಕೊಂಡ ಪದರ ಈಗ ಸೋತಿದ್ದರೆ ಅದನ್ನು ನಿಮ್ಮ ಆರೈಕೆಯ ಕೊರತೆ ಎಂದು ತಿಳಿಯಬೇಕಾಗಿಲ್ಲ.

ಆದರೆ ದುರಸ್ತಿಗೆ ಕೈಹಾಕುವ ಮೊದಲು, ಸುಲಿಯುತ್ತಿರುವುದು ಕ್ಲಿಯರ್ ಕೋಟೇ ಎಂದು ಖಚಿತಪಡಿಸಿಕೊಳ್ಳಿ, ಏಕೆಂದರೆ ಮೋಟರ್‌ಹೋಮ್‌ಗಳಲ್ಲಿ ಅದರಂತೆಯೇ ಕಾಣುವ ಬೇರೆ ತೊಂದರೆಗಳೂ ಇವೆ. ಹಲವು ಗಾಡಿಗಳ ಮೂತಿಗೆ ಕಲ್ಲೇಟು ಮತ್ತು ಹುಳುಗಳಿಂದ ರಕ್ಷಣೆಗಾಗಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಅಂಟಿಸಿರುತ್ತಾರೆ. ಅದು ವರ್ಷಗಳಾದ ಮೇಲೆ ಹಳದಿಗಟ್ಟಿ, ಬಿರುಕುಬಿಟ್ಟು, ದೂರದಿಂದ ನೋಡಿದವರಿಗೆ ಕ್ಲಿಯರ್ ಕೋಟ್ ಎದ್ದಂತೆಯೇ ಕಾಣಿಸುತ್ತದೆ. ಎದ್ದಿರುವ ಒಂದು ಚೂರನ್ನು ಬೆರಳಲ್ಲಿ ಹಿಡಿದು ನೋಡಿ: ಹಾಳೆಯಾದರೆ ದಪ್ಪವಾಗಿ, ಹಿಂಬದಿಯಲ್ಲಿ ಅಂಟಿನ ಜಿಗುಟಿನೊಂದಿಗೆ ಬರುತ್ತದೆ, ಕ್ಲಿಯರ್ ಕೋಟ್ ಆದರೆ ಉಗುರಿಗೇ ಪುಡಿಯಾಗುವಷ್ಟು ತೆಳುವಾದ, ಒಣಗಿದ ಚಕ್ಕೆಯಾಗಿ ಉದುರುತ್ತದೆ. ಹಾಳೆಯೇ ಆಗಿದ್ದರೆ ನೀವು ಅದೃಷ್ಟವಂತರು, ಏಕೆಂದರೆ ಹದವಾಗಿ ಬಿಸಿ ಮಾಡಿ ತಾಳ್ಮೆಯಿಂದ ಬಿಡಿಸಿದರೆ ಅದರ ಕೆಳಗಿನ ಬಣ್ಣ ಚೆನ್ನಾಗಿಯೇ ಉಳಿದಿರುವ ಸಾಧ್ಯತೆಯಿದೆ.

ಎರಡನೆಯದು ಜೆಲ್‌ಕೋಟ್. ಫೈಬರ್‌ಗ್ಲಾಸ್ ಹೊರಮೈಗೆ ಬಣ್ಣವನ್ನೇ ಹೊಡೆಯದೆ, ಅಚ್ಚಿನಲ್ಲೇ ಬಂದ ಜೆಲ್‌ಕೋಟ್ ಎಂಬ ಬಣ್ಣದ ರಾಳದ ಪದರದ ಮೇಲೆ ವಿನೈಲ್ ಪಟ್ಟಿಗಳನ್ನಷ್ಟೇ ಅಂಟಿಸಿದ ಗಾಡಿಗಳು ಬಹಳ ಇವೆ. ಜೆಲ್‌ಕೋಟ್ ಸುಲಿಯುವುದಿಲ್ಲ, ಸೀಮೆಸುಣ್ಣದಂತೆ ಪುಡಿಪುಡಿಯಾಗಿ ಮಂಕಾಗುತ್ತದೆ, ಮತ್ತು ಅದಕ್ಕೆ ಪಾಲಿಶ್ ನಿಜಕ್ಕೂ ಕೆಲಸ ಮಾಡುತ್ತದೆ. ಅನುಮಾನವಿದ್ದರೆ ಬಿಳಿಯಲ್ಲದ ಬಣ್ಣದ ಮೇಲೆ, ಕಣ್ಣಿಗೆ ಬೀಳದ ಮೂಲೆಯೊಂದರಲ್ಲಿ, 1500 ಸಂಖ್ಯೆಯ ನುಣುಪಾದ ಸ್ಯಾಂಡ್‌ಪೇಪರನ್ನು ನೀರಿನಲ್ಲಿ ನೆನೆಸಿ ಹಗುರವಾಗಿ ನಾಲ್ಕು ಸಲ ಉಜ್ಜಿರಿ. ಹಾಲಿನಂಥ ಬಿಳಿ ನೀರು ಇಳಿದರೆ ಮೇಲೆ ಕ್ಲಿಯರ್ ಕೋಟ್ ಇದೆ ಎಂದರ್ಥ, ಗಾಡಿಯ ಬಣ್ಣವೇ ನೀರಿಗೆ ಬಂದರೆ ಅಲ್ಲಿ ಕ್ಲಿಯರ್ ಕೋಟ್ ಇಲ್ಲ. ಇನ್ನು ಗೋಡೆಯೇ ಉಬ್ಬಿಕೊಂಡು, ತಟ್ಟಿದಾಗ ಟೊಳ್ಳು ಸದ್ದು ಬರುತ್ತಿದ್ದರೆ ಅದು ಬಣ್ಣದ ಸಮಸ್ಯೆಯೇ ಅಲ್ಲ. ನೀರು ಒಳಹೊಕ್ಕು ಫೈಬರ್‌ಗ್ಲಾಸ್ ಹಾಳೆ ಮತ್ತು ಅದರ ಹಿಂದಿನ ಪ್ಲೈವುಡ್ ನಡುವಿನ ಅಂಟು ಬಿಟ್ಟಿದೆ. ಅದರ ಮೇಲೆ ಬಣ್ಣಕ್ಕೆ ಸುರಿದ ಹಣವೆಲ್ಲ ವ್ಯರ್ಥ.

ನಿಮ್ಮದು ಕ್ಲಿಯರ್ ಕೋಟೇ ಎಂದು ಖಚಿತವಾಯಿತು ಎಂದುಕೊಳ್ಳೋಣ. ಆಗ ಹೆಚ್ಚಿನವರಿಗೆ ಹೊಳೆಯುವ ಉಪಾಯವೆಂದರೆ, ಎದ್ದಿರುವುದನ್ನು ಕೆರೆದು ತೆಗೆದು, ಅದರ ಮೇಲೆ ಹೊಸ ಕ್ಲಿಯರ್ ಕೋಟನ್ನು ಸಿಂಪಡಿಸಿಬಿಡುವುದು. ಇದು ಉಳಿಯುವುದಿಲ್ಲ. ಬಿಸಿಲಿಗೆ ತೆರೆದುಕೊಂಡ ಬೇಸ್ ಕೋಟ್ ಅಷ್ಟರಲ್ಲಾಗಲೇ ಸತ್ತಿರುತ್ತದೆ, ಮತ್ತು ಕ್ಲಿಯರ್ ಕೋಟ್ ಭದ್ರವಾಗಿ ಕೂರುವುದು ಆಗತಾನೇ ಹೊಡೆದ ಬೇಸ್ ಕೋಟ್‌ನ ಮೇಲೆ. ಹಳೆಯ ಬೇಸ್ ಕೋಟನ್ನು ಉಜ್ಜಿ ಹಿಡಿತ ತರೋಣವೆಂದರೆ, ಅದು ಮೆಟಾಲಿಕ್ ಬಣ್ಣವಾಗಿದ್ದಲ್ಲಿ ಅದರೊಳಗಿನ ಅಲ್ಯೂಮಿನಿಯಂ ಕಣಗಳು ಗೀಚಿಹೋಗಿ, ಮೇಲೆ ಕ್ಲಿಯರ್ ಬಿದ್ದ ಕೂಡಲೇ ಕಪ್ಪು ಮೋಡಗಳಂಥ ಕಲೆಗಳು ಎದ್ದುಕಾಣುತ್ತವೆ. ಆದ್ದರಿಂದ ಕ್ಲಿಯರ್ ಹೊಡೆಯಬೇಕೆಂದರೆ ಬೇಸ್ ಕೂಡ ಹೊಡೆಯಬೇಕು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸ್ಪ್ರೇ ಡಬ್ಬಿಯ ಕ್ಲಿಯರ್‌ಗಂತೂ ಅರಿಜೋನಾದ ಬಿಸಿಲನ್ನು ತಡೆಯುವ ಶಕ್ತಿಯಿಲ್ಲ.

ಮುಂದಿನ ತೀರ್ಮಾನ ಎಲ್ಲಿಗೆ ನಿಲ್ಲಿಸಬೇಕು ಎಂಬುದು, ಮತ್ತು ಇಡೀ ಕೆಲಸದ ಫಲಿತಾಂಶ ನಿಂತಿರುವುದು ಇದರ ಮೇಲೆಯೇ. ಎದ್ದಿರುವ ಅಂಚಿನಿಂದ ಆಚೆಗೆ, ಕಣ್ಣಿಗೆ ಚೆನ್ನಾಗಿಯೇ ಕಾಣುವ ಜಾಗದಲ್ಲೂ ಹಿಡಿತ ಸಡಿಲವಾಗಿರಬಹುದು. ಗಟ್ಟಿಯಾದ ಅಂಟುಪಟ್ಟಿಯೊಂದನ್ನು ಅಂಚಿನ ಮೇಲೆ ಒತ್ತಿ ಅಂಟಿಸಿ, ಥಟ್ಟನೆ ಕಿತ್ತು ನೋಡಿ. ಪಟ್ಟಿಯ ಜೊತೆ ಚಕ್ಕೆ ಬರುವಷ್ಟು ದೂರವೂ ಅದು ಕೆಟ್ಟ ಭಾಗವೇ. ಪಟ್ಟಿ ಬರಿದಾಗಿ ಬರುವ ಜಾಗ ಸಿಕ್ಕಿದ ಮೇಲೂ ಅಲ್ಲಿಗೇ ನಿಲ್ಲಬೇಡಿ. ಫಲಕದ ನಡುಮಧ್ಯದಲ್ಲಿ ಹೊಸ ಪದರವನ್ನು ಹಳೆಯದಕ್ಕೆ ತೇಲಿಸಿ ಸೇರಿಸಿದ ಕಡೆ ಗೆರೆ ಕಾಣಿಸುತ್ತದೆ, ಮತ್ತೆ ಏಳುವುದೂ ಅಲ್ಲಿಂದಲೇ. ಮುಂದುವರಿದು ಒಂದು ಜೋಡಣೆಯ ಗೆರೆಯೋ, ಅಲ್ಯೂಮಿನಿಯಂ ಮೋಲ್ಡಿಂಗೋ (ಅಂಚುಪಟ್ಟಿಯೋ), ನೆರಳಿನ ಮೇಲ್ಕಟ್ಟನ್ನು (ಆನಿಂಗ್) ಸುತ್ತಿಡುವ ಪೆಟ್ಟಿಗೆಯ ಅಂಚೋ ಸಿಗುವವರೆಗೆ ಹೋಗಿ, ಅಲ್ಲಿ ನಿಲ್ಲಿಸಿ. ನಿಮ್ಮ ಗಾಡಿಯಲ್ಲಿ ಇದು ಬಹುಶಃ ಮೂತಿಯ ಮೇಲರ್ಧ ಮತ್ತು ಛಾವಣಿಯ ಬಾಗಿದ ಅಂಚಿನಿಂದ ಮೊದಲ ಮೋಲ್ಡಿಂಗ್‌ವರೆಗಿನ ಪಟ್ಟಿ.

ಆ ಭಾಗಗಳಿಗೆ ಹಳೆಯ ಬಣ್ಣವನ್ನೇ ಹೊಂದಿಸಿ ಬೇಸ್ ಮತ್ತು ಕ್ಲಿಯರ್ ಹೊಡೆಸುವುದು ಒಂದು ಮಾರ್ಗ. ಬಣ್ಣದ ಸಂಕೇತ ಸಂಖ್ಯೆ ಹಲವು ಗಾಡಿಗಳಲ್ಲಿ ಒಳಗಿನ ಕಪಾಟಿನ ಬಾಗಿಲ ಹಿಂದೆ ಅಂಟಿಸಿದ ಚೀಟಿಯಲ್ಲಿರುತ್ತದೆ. ಆದರೆ ಇಪ್ಪತ್ತು ವರ್ಷ ಮಾಸಿದ ಬಣ್ಣಕ್ಕೆ ಕಾರ್ಖಾನೆಯ ಸಂಖ್ಯೆ ಸರಿಹೊಂದುವುದು ಕಷ್ಟ. ಹಾಗಾಗಿ ಇಷ್ಟು ಹಳೆಯ ಗಾಡಿಗೆ ನಾನು ಮನಃಪೂರ್ವಕವಾಗಿ ಸೂಚಿಸುವುದು ಬೇರೊಂದು ಮಾರ್ಗವನ್ನು: ಮೇಲ್ಮುಖದ ಭಾಗಗಳನ್ನೆಲ್ಲ ಕ್ಲಿಯರ್ ಕೋಟ್ ಬೇಕಿಲ್ಲದ, ಬಣ್ಣವೂ ಹೊಳಪೂ ಒಂದೇ ಪದರದಲ್ಲಿರುವ ಪಾಲಿಯುರೆಥೇನ್ ಬಣ್ಣದಿಂದ ಬಿಳಿಯಾಗಿಸುವುದು. ಕ್ಲಿಯರ್ ಪದರವೇ ಇಲ್ಲದ ಮೇಲೆ ಅದು ಸುಲಿಯುವ ಪ್ರಶ್ನೆಯೂ ಇಲ್ಲ. ಮುಂದೆ ಮಂಕಾದರೆ ಅದನ್ನು ನಿಜವಾಗಿಯೂ ಪಾಲಿಶ್ ಮಾಡಬಹುದು. ಬಿಳಿ ಕಾಯುವುದೂ ಕಡಿಮೆ, ಮತ್ತು ಬಣ್ಣ ಹೊಂದಿಸುವ ತಲೆನೋವೂ ತಪ್ಪುತ್ತದೆ. ಮೋಲ್ಡಿಂಗ್‌ನ ಮೇಲೆ ಬಿಳಿ, ಕೆಳಗೆ ಮೂಲ ಬಣ್ಣ ಎಂದಾಗ ಅದು ತೇಪೆಯಾಗಿ ಕಾಣದೆ ಮೊದಲಿನಿಂದಲೂ ಇದ್ದ ವಿನ್ಯಾಸದಂತೆಯೇ ಕಾಣುತ್ತದೆ.

ದೋಣಿಗಳಿಗೆಂದು ತಯಾರಾಗುವ, ಗಟ್ಟಿಕಾರಿ (ಹಾರ್ಡ್‌ನರ್) ಬೆರೆಸಬೇಕಿಲ್ಲದ ಒಂದೇ ಡಬ್ಬಿಯ ಪಾಲಿಯುರೆಥೇನ್ ಬಣ್ಣಗಳನ್ನು ಇದಕ್ಕೆ ಬಳಸಬಹುದು. ಇವನ್ನು ಸಿಂಪಡಿಸಬೇಕಾಗಿಲ್ಲ. ಸಣ್ಣ ರಂಧ್ರದ ಫೋಮ್ ರೋಲರಿನಿಂದ ತೆಳ್ಳಗೆ ಹಚ್ಚಿ, ಅದು ಹಸಿಯಾಗಿರುವಾಗಲೇ ಒಳ್ಳೆಯ ಕುಂಚದ ತುದಿಯನ್ನು ಒತ್ತಡವಿಲ್ಲದೆ ಮೇಲೆ ಎಳೆದರೆ ಗುಳ್ಳೆಗಳು ಒಡೆದು ಮೈ ಸಮನಾಗುತ್ತದೆ. ಇಬ್ಬರಿದ್ದರೆ ಒಳ್ಳೆಯದು, ಒಬ್ಬರು ರೋಲರ್ ಹಿಡಿದು ಮುಂದೆ ಹೋಗುತ್ತಿರಬೇಕು, ಇನ್ನೊಬ್ಬರು ಕುಂಚದೊಂದಿಗೆ ಹಿಂಬಾಲಿಸಬೇಕು. ಅದಕ್ಕೂ ಮೊದಲು ಕೆಟ್ಟ ಕ್ಲಿಯರ್ ಅನ್ನು ಪೂರ್ತಿ ತೆಗೆದು, ಉಳಿದ ಅಂಚು ಬೆರಳಿಗೆ ತಾಗದಷ್ಟು ಇಳಿಜಾರಾಗುವವರೆಗೆ 320 ಸಂಖ್ಯೆಯ ಪೇಪರಿನಿಂದ ಉಜ್ಜಿ, ಬಣ್ಣದ ತಯಾರಕರು ಹೇಳಿದ ಪ್ರೈಮರ್ ಹಾಕಿರಬೇಕು. ಕಣ್ಣು ಮುಚ್ಚಿ ಬೆರಳಾಡಿಸಿದಾಗ ಮೆಟ್ಟಿಲು ತಿಳಿದರೆ, ಬಣ್ಣದ ಕೆಳಗೂ ಆ ಮೆಟ್ಟಿಲು ಹಾಗೆಯೇ ಕಾಣಿಸುತ್ತದೆ. ಸಮಯದ ಮುಕ್ಕಾಲು ಪಾಲು ಇಲ್ಲಿಯೇ ಹೋಗುತ್ತದೆ, ಹೋಗಬೇಕು.

ಈ ಉಜ್ಜುವಿಕೆಗೂ ಮುಂಚೆ ಆಗಬೇಕಾದ ಕೆಲಸ ಛಾವಣಿಯದು. ಅಂಚಿನ ಜೋಡಣೆಗಳು, ದೀಪಗಳು, ಏಣಿಯ ಬುಡ, ಇವುಗಳಲ್ಲಿ ನೀರು ಸೋರುವ ಬಿರುಕುಗಳಿದ್ದರೆ ಮೊದಲು ಅವನ್ನು ಮುಚ್ಚಿ. ಹಿಂದಿನ ಯಾರೋ ಅಲ್ಲಿ ಸಿಲಿಕೋನ್ ಮೆತ್ತಿದ್ದರೆ ಅದನ್ನು ಪೂರ್ತಿಯಾಗಿ ತೆಗೆಯಿರಿ. ಸಿಲಿಕೋನ್‌ನ ಕಾಣದಷ್ಟು ಪಸೆ ಉಳಿದಿದ್ದರೂ ಹೊಸ ಬಣ್ಣ ಅಲ್ಲಿ ನಿಲ್ಲದೆ ಮೀನಿನ ಕಣ್ಣಿನಾಕಾರದ ಗುಳಿಗಳಾಗಿ ಸರಿದುಕೊಳ್ಳುತ್ತದೆ. ಪಸೆ ತೆಗೆಯುವ ದ್ರಾವಣವನ್ನು ಸ್ಯಾಂಡ್‌ಪೇಪರ್ ಮುಟ್ಟುವ ಮೊದಲೇ ಬಳಸಬೇಕು, ಇಲ್ಲವಾದರೆ ಉಜ್ಜಿದಾಗ ಆ ಪಸೆ ಗೀರುಗಳೊಳಗೆ ಇನ್ನಷ್ಟು ಇಳಿಯುತ್ತದೆ. ಛಾವಣಿ ರಬ್ಬರಿನದಾಗಿದ್ದರೆ ಪೆಟ್ರೋಲಿಯಂ ಮೂಲದ ದ್ರಾವಣಗಳು ಅದರ ಮೇಲೆ ಬೀಳದಂತೆ ಮುಚ್ಚಿಡಿ.

ಎರಡು ಡಬ್ಬಿಗಳನ್ನು ಬೆರೆಸಿ ಸಿಂಪಡಿಸುವ ಕ್ಲಿಯರ್ ಕೋಟನ್ನು ಮನೆಯಂಗಳದಲ್ಲಿ ನೀವೇ ಹೊಡೆಯುವ ಯೋಚನೆಯಿದ್ದರೆ, ದಯವಿಟ್ಟು ಅದನ್ನು ಬಿಡಿ. ಅದರ ಗಟ್ಟಿಕಾರಿಯಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕವಿದೆ. ಅದರ ತುಂತುರನ್ನು ಉಸಿರಾಡಿದವರ ಶ್ವಾಸಕೋಶ ಒಮ್ಮೆ ಅದಕ್ಕೆ ಸಂವೇದನೆ ಬೆಳೆಸಿಕೊಂಡರೆ, ಆಮೇಲೆ ಅತ್ಯಲ್ಪ ಪ್ರಮಾಣವೂ ತೀವ್ರ ಅಸ್ತಮಾವನ್ನು ಕೆರಳಿಸಬಲ್ಲದು. ಅಪಾಯದ ಮಟ್ಟ ತಲುಪಿದರೂ ಮೂಗಿಗೆ ವಾಸನೆ ಬಾರದಿರಬಹುದಾದ್ದರಿಂದ ಎಚ್ಚರಿಕೆಯೂ ಸಿಗುವುದಿಲ್ಲ. ಕೋವಿಡ್ ಕಾಲದ ಎನ್95 ಮುಖಗವಸು ಇದಕ್ಕೆ ಸಾಕಾಗುವಷ್ಟು ರಕ್ಷಣೆ ಕೊಡದು. ವೃತ್ತಿನಿರತರು ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮುಖವಾಡ ಧರಿಸಿ, ಪ್ರತ್ಯೇಕ ಕೋಣೆಯಲ್ಲಿ ಈ ಕೆಲಸ ಮಾಡುವುದು ಇದಕ್ಕಾಗಿಯೇ. ಬುಡದಲ್ಲಿ ಒತ್ತಿದಾಗ ಗಟ್ಟಿಕಾರಿ ಬಿಡುಗಡೆಯಾಗುವ ಸ್ಪ್ರೇ ಡಬ್ಬಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಮಕ್ಕಳು ಓಡಾಡುವ ಅಂಗಳದಲ್ಲಿ ಒಂದಿಷ್ಟು ಡಾಲರ್ ಉಳಿಸಲು ಈ ಅಪಾಯವನ್ನು ಮೈಮೇಲೆ ಎಳೆದುಕೊಳ್ಳಬಾರದು.

ಇನ್ನು ಖರ್ಚಿನ ಮಾತು. ದೊಡ್ಡ ಮೋಟರ್‌ಹೋಮ್‌ಗೆ ಪೂರ್ತಿ ಬಣ್ಣ ಹೊಡೆಸಿದರೆ ಬಿಲ್ಲು ಹತ್ತು ಸಾವಿರ ಡಾಲರ್ ದಾಟುವುದು ಸಾಮಾನ್ಯ, ಮತ್ತು ಇಪ್ಪತ್ತು ವರ್ಷದ ಗಾಡಿಯನ್ನು ಮಾರುವಾಗ ಆ ಹಣ ಮರಳಿ ಬರುವುದಿಲ್ಲ. ಆದರೆ ಹಾಗೆಯೇ ಬಿಡುವುದಕ್ಕೂ ಬೆಲೆ ತೆರಬೇಕಾಗುತ್ತದೆ. ಅಮೆರಿಕದ ಕೆಲವು ಖಾಸಗಿ ತಂಗುದಾಣಗಳು ಹತ್ತು ವರ್ಷ ಮೀರಿದ ಗಾಡಿಗಳನ್ನು ಒಳಬಿಡುವ ಮೊದಲು ಫೋಟೊ ಕೇಳುತ್ತವೆ, ಹೊರಮೈ ಕೆಟ್ಟಿದ್ದರೆ ಜಾಗವಿಲ್ಲ ಎನ್ನುತ್ತವೆ. ಮೂತಿ ಮತ್ತು ಮೇಲಂಚು ಶುಭ್ರವಾಗಿ ಕಂಡರೆ ಆ ಫೋಟೊಗೆ ಸಾಕು.

ಸೆರಾಮಿಕ್ ಲೇಪನಕ್ಕೂ ಮೇಣಕ್ಕೂ ನಿಮ್ಮ ಗಾಡಿಯಲ್ಲಿ ಕೆಲಸವಿದೆ, ಆದರೆ ಅದು ಇನ್ನೂ ಗಟ್ಟಿಯಾಗಿರುವ ಪಕ್ಕದ ಗೋಡೆಗಳ ಮೇಲೆ. ಗಾಡಿ ನಿಲ್ಲಿಸುವ ದಿಕ್ಕನ್ನು ಆಗಾಗ ಬದಲಿಸಿದರೆ ಒಂದೇ ಪಕ್ಕ ದಕ್ಷಿಣದ ಬಿಸಿಲಿಗೆ ಬೇಯುವುದು ತಪ್ಪುತ್ತದೆ. ಸಾಧ್ಯವಿದ್ದರೆ ಮೇಲೊಂದು ತಗಡಿನ ಚಪ್ಪರ ಹಾಕಿಸಿ, ಅದಕ್ಕೆ ಸಮನಾದ ರಕ್ಷಣೆ ಯಾವ ಬಾಟಲಿಯಲ್ಲೂ ಸಿಗುವುದಿಲ್ಲ. ವಿನೈಲ್ ಹೊದಿಕೆ ಹಾಕಿಸೋಣವೆಂದು ಯಾರಾದರೂ ಹೇಳಿದರೆ, ಅದು ಅಂಟುವುದೂ ಈ ಸಡಿಲ ಪದರಕ್ಕೇ ಎಂಬುದನ್ನು ನೆನಪಿಡಿ.

ಬಣ್ಣ ಹಚ್ಚಲು ಫೀನಿಕ್ಸ್‌ನಲ್ಲಿ ಅಕ್ಟೋಬರ್ ಕೊನೆಯಿಂದ ನವೆಂಬರ್ ತಿಂಗಳವರೆಗಿನ ಕಾಲ ಅನುಕೂಲ. ಬೇಸಿಗೆಯ ಬಿಸಿ ಮೈಮೇಲೆ ಬಣ್ಣ ಕುಂಚ ಎಳೆಯುವ ಮೊದಲೇ ಒಣಗಿ ಗೀರಾಗುತ್ತದೆ. ಅಲ್ಲಿಯವರೆಗೆ, ಸಡಿಲವಾಗಿರುವ ಚಕ್ಕೆಗಳನ್ನು ಪ್ಲಾಸ್ಟಿಕ್ ಅಲಗಿನಿಂದ ತೆಗೆದು, ಉಳಿದ ಅಂಚನ್ನು 600ರ ಪೇಪರಿನಿಂದ ಸ್ವಲ್ಪ ತೀಡಿ, ಆ ಭಾಗಕ್ಕೆ ಹೊದಿಕೆ ಹಾಕಿಡಿ. ತೊಳೆಯುವಾಗ ಒತ್ತಡದ ನೀರಿನ ಕೊಳವೆಯನ್ನು ಅದರ ಹತ್ತಿರ ತರಬೇಡಿ, ಏಕೆಂದರೆ ಆ ಧಾರೆ ಅಂಚಿನಡಿಗೆ ನುಗ್ಗಿದರೆ ಇಂದು ಅಂಗೈಯಗಲವಿರುವ ಮಚ್ಚೆ ಒಂದೇ ತೊಳೆತಕ್ಕೆ ಮೊಳದುದ್ದವಾಗುತ್ತದೆ.